ಮೂರನೆಯ ಬೆಂಚಿನ ಹುಡುಗ ಮತ್ತು ರಷ್ಯಾದ ರಾಜಕುಮಾರ

ರಷ್ಯಾ ಕ್ರಾಂತಿಯ ಪಾಠವನ್ನು ನನ್ನಿಂದ ಕೇಳಿದವರಿಗೆ ಅಲೆಕ್ಸಿಯ ಕಥೆ ನೆನಪಿರಬಹುದು. 1904ರಲ್ಲಿ ಹುಟ್ಟಿದ ಆ ರಾಜಕುಮಾರನಿಗೆ ಹಿಮೋಫಿಲಿಯಾ, ಅಂದರೆ ರಕ್ತ ಸುಲಭವಾಗಿ ಹೆಪ್ಪುಗಟ್ಟದ ಕಾಯಿಲೆ. ಕನ್ನಡದಲ್ಲಿ ಇದಕ್ಕೆ ಕುಸುಮ ರೋಗವೆಂಬ ಚೆಲುವಾದ ಹೆಸರಿದೆ. ರೋಗ ಮಾತ್ರ ಹೂವಿನಂಥದ್ದಲ್ಲ. ವಿಕ್ಟೋರಿಯಾ ರಾಣಿಯಿಂದ ಮಗಳು, ಮೊಮ್ಮಗಳ ಮೂಲಕ ಇಳಿದುಬಂದ ಈ ದೋಷವನ್ನು ಅರಮನೆಯವರು ಪ್ರಜೆಗಳಿಂದ ಮುಚ್ಚಿಟ್ಟರು. ಹುಡುಗನನ್ನು ನೋಡಿಕೊಳ್ಳಲು, ಎತ್ತಿಕೊಂಡು ತಿರುಗಲು ಒಬ್ಬ ನಾವಿಕನಿದ್ದ. ತಾಯಿ ರಾಸ್ಪುಟಿನ್‌ನ ಮೊರೆಹೊಕ್ಕಳು. ಇಷ್ಟನ್ನೂ ರಸವತ್ತಾಗಿ ವರ್ಣಿಸುತ್ತಿದ್ದೆ.

1999ರಲ್ಲಿ ಈ ಪಾಠ ಕೇಳುತ್ತ ಮೂರನೆಯ ಬೆಂಚಿನಲ್ಲಿ ನಮ್ಮ ದೀಪಾಂಜಲಿ ನಗರದವನೇ ಆದ ಒಬ್ಬ ಹುಡುಗ ಕುಳಿತಿದ್ದ. ಹೆಸರು ಬೇಡ. ಮೇಲಿಂದ ಮೇಲೆ ಗೈರುಹಾಜರು. ಬಂದರೂ ಕುಂಟುತ್ತ ಬರುವನು. ಡ್ರಿಲ್ ತಪ್ಪಿಸಲು ನೆಪ ಹೂಡುತ್ತಿದ್ದಾನೆಂದು ಬಗೆದು ಒಂದು ದಿನ ಮೈದಾನದಲ್ಲಿ ಎರಡು ಸುತ್ತು ಓಡಿಸಿದೆ. ಆಮೇಲೆ ಹದಿನೈದು ದಿನ ಅವನು ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ನೋಡಿದರೆ ಮೊಣಕಾಲು ತೆಂಗಿನಕಾಯಿಯಂತೆ ಊದಿತ್ತು. ಕೀಲಿನೊಳಗೆ ರಕ್ತ ಸೋರಿತ್ತು.

"ನಿಮಗೆ ಹೇಳಬೇಕಾಗಿತ್ತು ಮೇಷ್ಟ್ರೇ. ಇವನ ತಂಗಿಯ ಮದುವೆಗೆ ತೊಡಕಾದೀತೆಂದು ಯಾರಿಗೂ ಹೇಳಿಲ್ಲ" ಎಂದರು ತಾಯಿ. ಅರಮನೆಯ ಕಥೆಯೇ ನಮ್ಮ ಬೀದಿಯಲ್ಲಿ ನಡೆದಿತ್ತು. ಇತಿಹಾಸ ಕಲಿಸುವವನಿಗೆ ಕಾಣಲಿಲ್ಲ.

ಈ ಮುಚ್ಚುಮರೆಯನ್ನು ಮುರಿದವರು ಬಹುಮಟ್ಟಿಗೆ ರೋಗಿಗಳೇ. ವಿಶ್ವ ಹಿಮೋಫಿಲಿಯಾ ಒಕ್ಕೂಟವನ್ನು 1963ರಲ್ಲಿ ಕಟ್ಟಿದ ಮಾಂಟ್ರಿಯಲ್‌ನ ಫ್ರಾಂಕ್ ಶ್ನಾಬೆಲ್ ಸ್ವತಃ ರೋಗಿ. ಅವರ ಜನ್ಮದಿನವಾದ ಏಪ್ರಿಲ್ 17 ಈಗ ವಿಶ್ವ ಹಿಮೋಫಿಲಿಯಾ ದಿನ. ಭಾರತದ ಒಕ್ಕೂಟವನ್ನು 1983ರಲ್ಲಿ ಆರಂಭಿಸಿದ ಅಶೋಕ್ ವರ್ಮಾ ಅವರೂ ಹಾಗೆಯೇ. ನಮ್ಮ ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಬೆಳೆಸಿದ ಡಾ. ಸುರೇಶ್ ಹನಗವಾಡಿಯವರು ವೈದ್ಯರೂ ಹೌದು, ಇದೇ ರೋಗವನ್ನು ಹೊತ್ತು ಬಾಳಿದವರೂ ಹೌದು.

ಕೆಲವು ವರ್ಷಗಳ ಬಳಿಕ ಆ ಹುಡುಗನೂ ತಾಯಿಯೂ ದಾವಣಗೆರೆಗೆ ಹೋಗಿಬಂದರು. ರೋಗದ ಹೆಸರನ್ನು ವೈದ್ಯರು ಮೊದಲೇ ಹೇಳಿದ್ದರು. ಅದರೊಡನೆ ಬದುಕುವುದು ಹೇಗೆಂದು ಹೇಳಿಕೊಟ್ಟವರು ಅಲ್ಲಿ ಕಂಡ ಇತರ ಕುಟುಂಬದವರು. ಆಸ್ಪಿರಿನ್ ನುಂಗಬಾರದು. ಕೀಲು ಬಿಗಿಯತೊಡಗಿದರೆ ಊದುವವರೆಗೆ ಕಾಯದೆ ಫ್ಯಾಕ್ಟರ್ ಚುಚ್ಚುಮದ್ದಿಗೆ ಹೊರಡಬೇಕು. ಮಂಜುಗಡ್ಡೆ, ವಿಶ್ರಾಂತಿ, ಊತ ಇಳಿದ ಮೇಲೆ ತಪ್ಪದೆ ವ್ಯಾಯಾಮ. ಆ ತಾಯಿಗೆ ಸಿಕ್ಕಿದ್ದು ಬೇರೆಯೇ. ಸುಮಾರು ಮೂರನೇ ಒಂದು ಪಾಲು ರೋಗಿಗಳ ವಂಶದಲ್ಲಿ ಹಿಂದೆ ಯಾರಿಗೂ ಈ ರೋಗ ಇರುವುದಿಲ್ಲವೆಂದು ಅಲ್ಲಿ ಕೇಳಿದರಂತೆ. "ನಿನ್ನ ತವರಿನ ಪಾಪ" ಎಂಬ ಅತ್ತೆಯ ಮಾತನ್ನು ವರ್ಷಗಟ್ಟಲೆ ನುಂಗಿದ್ದ ಆಕೆ, ಅದೇ ಮಾತು ಕೇಳಿಸಿಕೊಂಡಿದ್ದ ಇನ್ನೊಬ್ಬ ತಾಯಿಯ ಪಕ್ಕದಲ್ಲಿ ಕುಳಿತು ಮೊದಲ ಬಾರಿಗೆ ಬಾಯಿಬಿಟ್ಟು ಅತ್ತರಂತೆ. ಮಗಳ ಮದುವೆಯೂ ಆಯಿತು, ವಿಷಯ ತಿಳಿಸಿಯೇ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾ ಸೇರಿದೆ. ಹಾಗೆಂದು ಎಲ್ಲವೂ ಸಲೀಸಾಯಿತೆಂದಲ್ಲ. ಆ ಮೊಣಕಾಲು ಈಗಲೂ ಪೂರ್ತಿ ಮಡಚುವುದಿಲ್ಲ.

ಮೊನ್ನೆ ಮೆಟ್ರೋ ನಿಲ್ದಾಣದ ಲಿಫ್ಟಿನ ಬಳಿ ಸಿಕ್ಕಿದ. ಹಳೆಯದನ್ನೆತ್ತಿ ಕ್ಷಮೆ ಕೇಳಹೊರಟೆ. ಅವನು ನಕ್ಕು, "ಅಂದು ಪಾಠ ಕೇಳುವಾಗ ನನಗೆ ಅಲೆಕ್ಸಿಯ ಮೇಲೆ ಹೊಟ್ಟೆಕಿಚ್ಚಾಗಿತ್ತು ಸಾರ್. ಅವನನ್ನು ಎತ್ತಿಕೊಳ್ಳಲು ನಾವಿಕನಿದ್ದನಲ್ಲ!" ಎಂದ.