ಯಾವ ಏರಿಯಾ ಸೇಫು?

ಚಿಕ್ಕಪ್ಪನ ಮಗಳಿಗೆ ಬೇಗೂರು ಕಡೆ ಕಾಲೇಜಲ್ಲಿ ಸೀಟು ಸಿಕ್ಕಿದೆ. "ಅಣ್ಣ, ಪೀಜಿಗೆ ಯಾವ ಏರಿಯಾ ಸೇಫು? ಜಯನಗರಾನಾ, ಬಿಟಿಎಮ್ಮಾ, ಬೇಗೂರಾ?" ಅಂತ ಊರಿಂದ ಫೋನು.

ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲಿದೆ. ಬೆಂಗಳೂರು ಅನ್ನೋ ಹೆಸರು ಸಿಗುವ ಹಳೇ ಶಾಸನ ಅದೇ. ಅದರಲ್ಲಿರೋದು ಬೆಂಗಳೂರಿನ ಕಾಳಗದಲ್ಲಿ ಬುಟ್ಟನಸೆಟ್ಟಿ ಸತ್ತ ಸುದ್ದಿ! ಚಿಕ್ಕಪ್ಪನಿಗೆ ಇದನ್ನ ಹೇಳಿದ್ರೆ ಮಗಳನ್ನ ಕಳಿಸೋದೇ ಇಲ್ಲ, ಬಿಡಿ.

ನನಗೆ ನೆನಪಾಗಿದ್ದು 2012ರ ಆಗಸ್ಟ್. ಆಗ ಬಿಟಿಎಂನಲ್ಲಿ ಬಾಡಿಗೆಗಿದ್ದೆ. ರೂಂಮೇಟ್ ಅಸ್ಸಾಮಿನ ಹುಡುಗ, ಇನ್ನೂ ಓದ್ತಿದ್ದ. ಈಶಾನ್ಯದವರ ಮೇಲೆ ದಾಳಿಯಾಗುತ್ತೆ ಅಂತ ಎಸ್ಸೆಮ್ಮೆಸ್‌ಗಳು ಹರಿದಾಡಿದವು. ಎರಡು ಮೂರು ದಿನದಲ್ಲಿ ಸಾವಿರಾರು ಜನ, ವಿದ್ಯಾರ್ಥಿಗಳು, ಸೆಕ್ಯುರಿಟಿ ಕೆಲಸದವರು, ಸಿಟಿ ಸ್ಟೇಷನ್ನಿನಲ್ಲಿ ಗುವಾಹಟಿಯ ವಿಶೇಷ ರೈಲು ಹತ್ತಿದರು. ಗೃಹ ಸಚಿವ ಆರ್. ಅಶೋಕ್ ಸ್ಟೇಷನ್ನಿಗೇ ಹೋಗಿ, ಹೋಗಬೇಡಿ ಅಂದರು. ರಾಶಿಗಟ್ಟಲೆ ಎಸ್ಸೆಮ್ಮೆಸ್ ಕಳಿಸೋದನ್ನ ಕೇಂದ್ರ ಸರ್ಕಾರ 15 ದಿನ ನಿರ್ಬಂಧಿಸಿತು.

ನಮ್ಮ ಗಲ್ಲಿ ಹಿಂದಿನ ದಿನದ ಹಾಗೇ ಇತ್ತು. ಅದೇ ಟೀ ಅಂಗಡಿ, ಅದೇ ಬೀದಿದೀಪ. ಯಾರೂ ಯಾರಿಗೂ ಏನೂ ಅಂದಿರಲಿಲ್ಲ. ಓನರ್ ಆಂಟಿ "ನಮ್ಮನೇಲೇ ಇದ್ದುಬಿಡಪ್ಪ" ಅಂದರು. ಹುಡುಗ ತಲೆಯಾಡಿಸಿದ, ಬೆಳಗ್ಗೆ ಎದ್ದು ಹೊರಟ. ಪುಕ್ಕಲ ಅಂತ ಆಗ ನಕ್ಕಿದ್ದೆ, ಈಗ ನಾಚಿಕೆಯಾಗುತ್ತೆ. ನನ್ನೂರಿಗೆ ಬಸ್ಸಲ್ಲಿ ನಾಲ್ಕು ಗಂಟೆ. ಅವನೂರಿಗೆ ರೈಲಲ್ಲಿ ಎರಡು ದಿನದ ಮೇಲೆ.

ತಿಂಗಳಾದ ಮೇಲೆ ವಾಪಸ್ ಬಂದ. ಅಷ್ಟು ದಿನವೂ ಅವನಿಗೆ ಫೋನ್ ಮಾಡ್ತಿದ್ದವರು ಆಂಟಿ, ನಾನಲ್ಲ.

"ಏರಿಯಾ ಆಮೇಲೆ ನೋಡೋಣ ಪುಟ್ಟಿ, ಭಾನುವಾರ ಬಾ, ಮೊದಲು ಪೀಜಿ ನಡೆಸೋರನ್ನ ಮಾತಾಡಿಸೋಣ" ಅಂದೆ.