ಹೆಬ್ಬೆಟ್ಟಿನ ಗುರುತು ಮತ್ತು ತಾಯಿಯ ನೆನಪು: ಆಸ್ಟ್ರೇಲಿಯಾದ ‘ಕದ್ದೊಯ್ದ ಪೀಳಿಗೆಗಳು’

ಬರಹವನ್ನೇ ಚರಿತ್ರೆಯ ಏಕೈಕ ಆಕರವೆಂದು ನಂಬುವ ಪರಂಪರೆಯು ಬರೆಯಬಲ್ಲವರ ಪರವಾಗಿಯೇ ತೀರ್ಪು ಕೊಡುತ್ತ ಬಂದಿದೆ. ಮೌಖಿಕ ಆಕರಗಳ ಪ್ರಾಮಾಣ್ಯವನ್ನು ಕುರಿತ ಚರ್ಚೆ ಜಾನಪದ ಅಧ್ಯಯನಕ್ಕೆ ಹೊಸದಲ್ಲ. ಆಸ್ಟ್ರೇಲಿಯಾದಲ್ಲಿ ಮಾತ್ರ ಅದು ವಿದ್ವಾಂಸರ ಗೋಷ್ಠಿಗಳನ್ನು ದಾಟಿ ನ್ಯಾಯಾಲಯದ ಕಟಕಟೆಯನ್ನೂ ಸಂಸತ್ತಿನ ಸಭಾಂಗಣವನ್ನೂ ಮುಟ್ಟಿತು. ತಾಯಂದಿರ ಮಡಿಲಿನಿಂದ ಸರ್ಕಾರವೇ ಎತ್ತಿಕೊಂಡು ಹೋದ ಮೂಲನಿವಾಸಿ ಮಕ್ಕಳ ಕಥನ ಅದಕ್ಕೆ ಕಾರಣವಾಯಿತು.

ಈ ಕ್ರಮಕ್ಕೆ ಕಾನೂನಿನ ಬೆಂಬಲವಿತ್ತು. ಪಶ್ಚಿಮ ಆಸ್ಟ್ರೇಲಿಯಾದ 1905ರ ಕಾಯಿದೆಯು 16 ವರ್ಷದೊಳಗಿನ ಪ್ರತಿಯೊಂದು ಮೂಲನಿವಾಸಿ ಮಗುವಿಗೂ ಮುಖ್ಯ ಸಂರಕ್ಷಣಾಧಿಕಾರಿಯನ್ನೇ ಕಾನೂನುಬದ್ಧ ಪೋಷಕನನ್ನಾಗಿಸಿತು. ನ್ಯೂ ಸೌತ್ ವೇಲ್ಸ್‌ನಲ್ಲಿ 1915ರ ತಿದ್ದುಪಡಿಯ ನಂತರ, ಮಗುವನ್ನು ಹೆತ್ತವರು ಕಡೆಗಣಿಸಿದ್ದಾರೆಂದು ನ್ಯಾಯಾಲಯದಲ್ಲಿ ರುಜುವಾತುಪಡಿಸುವ ಅಗತ್ಯವೂ ಉಳಿಯಲಿಲ್ಲ. ಮಿಶ್ರ ಮೂಲದ ಮಕ್ಕಳನ್ನು ಬಿಳಿಯರ ಸಮಾಜದಲ್ಲಿ ಕರಗಿಸಿಬಿಡುವುದು ಈ ನೀತಿಯ ಗುರಿಯಾಗಿತ್ತು. 1937ರಲ್ಲಿ ಕ್ಯಾನ್‌ಬೆರಾದಲ್ಲಿ ಸೇರಿದ ಅಧಿಕಾರಿಗಳ ಸಮ್ಮೇಳನವು ಅದನ್ನು ಬಹಿರಂಗವಾಗಿಯೇ ಅನುಮೋದಿಸಿತು. 1910ರಿಂದ 1970ರವರೆಗಿನ ಅವಧಿಯಲ್ಲಿ ಹತ್ತಕ್ಕೆ ಒಂದರಿಂದ ಮೂರಕ್ಕೆ ಒಂದರಷ್ಟು ಮಕ್ಕಳು ಹೀಗೆ ಬೇರ್ಪಟ್ಟರೆಂದು ಮುಂದೆ ನಡೆದ ವಿಚಾರಣೆ ಅಂದಾಜು ಮಾಡಿತು.

ಮಗುವಿನೊಡನೆ ಕಳೆದುಹೋದುದು ಏನೆಂಬುದನ್ನು ಜಾನಪದದ ದೃಷ್ಟಿಯಿಂದ ನೋಡಬೇಕು. ನಮ್ಮ ಬುಡಕಟ್ಟುಗಳ ಬೆಡಗು, ಬಳಿಗಳಂತೆ ಅಲ್ಲಿನ ಸಮುದಾಯಗಳಲ್ಲಿಯೂ ನಂಟಸ್ತಿಕೆಯ ಕಟ್ಟುಗಳಿವೆ. ಯಾರು ಯಾರನ್ನು ವರಿಸಬಹುದು, ಯಾವ ನೆಲದ ಕಥೆಯನ್ನು ಹೇಳುವ ಹಕ್ಕು ಯಾರಿಗುಂಟು ಎಂಬುದೆಲ್ಲ ಈ ಕಟ್ಟಿನಿಂದಲೇ ನಿರ್ಣಯವಾಗುತ್ತದೆ. 1924ರಿಂದ 1970ರವರೆಗೆ ನಡೆದ ಕಿಂಚೇಲಾ ಬಾಲಕರ ವಸತಿಗೃಹದಲ್ಲಿ ಹುಡುಗರನ್ನು ಹೆಸರಿನ ಬದಲು ಸಂಖ್ಯೆಯಿಂದ ಕರೆಯುತ್ತಿದ್ದರು. ಹೆಸರು ಹೋದಾಗ ಬಳಿ ಹೋಯಿತು, ಬಳಿ ಹೋದಾಗ ನೆಲದ ಕಥೆ ಹೋಯಿತು. ಹೀಗೆ ಒಂದು ಮಗುವಿನ ಅಪಹರಣವು ಒಂದು ಮೌಖಿಕ ಪರಂಪರೆಯ ಎಳೆಯನ್ನೇ ಕಡಿಯಿತು.

1980ರಲ್ಲಿ ಇತಿಹಾಸಕಾರ ಪೀಟರ್ ರೀಡ್ ಮತ್ತು ಕೋರಲ್ ಎಡ್ವರ್ಡ್ಸ್ ಅವರು ಅಗಲಿದ ಕುಟುಂಬಗಳನ್ನು ಮತ್ತೆ ಕೂಡಿಸಲು ‘ಲಿಂಕ್-ಅಪ್’ ಸಂಸ್ಥೆಯನ್ನು ಆರಂಭಿಸಿದರು. ‘ಕದ್ದೊಯ್ದ ಪೀಳಿಗೆಗಳು’ ಎಂಬ ಹೆಸರು ಬಳಕೆಗೆ ಬಂದುದು ರೀಡ್ ಅವರ ಬರವಣಿಗೆಯಿಂದ. 1990ರಲ್ಲಿ, ಸ್ವತಃ ಹೀಗೆ ಒಯ್ಯಲ್ಪಟ್ಟಿದ್ದ ಗಾಯಕ ಆರ್ಚಿ ರೋಚ್ ಈ ನೋವನ್ನು ಹಾಡಾಗಿಸಿದರು. 1995ರಲ್ಲಿ ನೇಮಕಗೊಂಡು ರೊನಾಲ್ಡ್ ವಿಲ್ಸನ್ ಮತ್ತು ಮಿಕ್ ಡಾಡ್ಸನ್ ನಡೆಸಿದ ರಾಷ್ಟ್ರೀಯ ವಿಚಾರಣೆಯು 535 ಮೂಲನಿವಾಸಿಗಳ ಮಾತನ್ನು ಆಲಿಸಿತು. ಅದರ ವರದಿ 1997ರ ಮೇ 26ರಂದು ಸಂಸತ್ತಿನಲ್ಲಿ ಮಂಡಿತವಾಯಿತು.

ವರದಿಯ ವಿರುದ್ಧ ಎದ್ದ ಮುಖ್ಯ ಆಕ್ಷೇಪ, ಅದು ನೆನಪನ್ನು ಅತಿಯಾಗಿ ನಂಬಿತು ಎಂಬುದು. ಈ ಆಕ್ಷೇಪಕ್ಕೆ ಎರಡು ಮೊಕದ್ದಮೆಗಳು ಎರಡು ಬಗೆಯ ಉತ್ತರ ಕೊಡುತ್ತವೆ. ಲೋರ್ನಾ ಕ್ಯುಬಿಲ್ಲೊ ಮತ್ತು ಪೀಟರ್ ಗನ್ನರ್ ಹೂಡಿದ್ದ ದಾವೆ 2000ದಲ್ಲಿ ವಜಾ ಆಯಿತು. ಗನ್ನರ್ ಅವರ ವಿಷಯದಲ್ಲಿ ಹಾಜರಾದ ದಾಖಲೆಗಳಲ್ಲಿ ತಾಯಿಯದೆನ್ನಲಾದ ಹೆಬ್ಬೆಟ್ಟಿನ ಗುರುತಿದ್ದ ಒಪ್ಪಿಗೆಪತ್ರವೂ ಒಂದು. ಆ ಗುರುತು ತಾಯಿಯದೇ ಎಂದು ತಿಳಿಯುವ ದಾರಿಯಿಲ್ಲ, ಕಾಗದದಲ್ಲಿ ಬರೆದುದು ಆಕೆಗೆ ಅರ್ಥವಾಗಿತ್ತೆಂದು ತಿಳಿಯುವ ದಾರಿಯೂ ಇಲ್ಲ ಎಂದು ನ್ಯಾಯಾಧೀಶರೇ ಒಪ್ಪಿಕೊಂಡರು. ಆದರೂ ಆ ಕಾಗದದ ತೂಕ ಕಡಿಮೆಯಾಗಲಿಲ್ಲ. ಓದುಬಾರದ ರೈತನ ಹೆಬ್ಬೆಟ್ಟು ಸಾಹುಕಾರನ ಪತ್ರದ ಮೇಲೆ ಬಿದ್ದು ಹೊಲ ಕೈಬಿಟ್ಟ ಕಥೆಗಳನ್ನು ಬಲ್ಲ ಕನ್ನಡಿಗರಿಗೆ ಈ ಕಾಗದದ ಬಲ ಎಂಥದೆಂದು ವಿವರಿಸಬೇಕಾಗಿಲ್ಲ.

ಎರಡನೆಯದು ಬ್ರೂಸ್ ಟ್ರೆವೊರೋ ಅವರ ಮೊಕದ್ದಮೆ. 1957ರ ಕ್ರಿಸ್‌ಮಸ್ ದಿನ ಹೊಟ್ಟೆನೋವೆಂದು ಅಡಿಲೇಡ್‌ನ ಆಸ್ಪತ್ರೆಗೆ ಸೇರಿದ ಈ ಹಸುಗೂಸನ್ನು ಹೆತ್ತವರಿಗೆ ತಿಳಿಸದೆ ಬೇರೊಂದು ಕುಟುಂಬಕ್ಕೆ ಒಪ್ಪಿಸಲಾಯಿತು. ಮಗು ಯಾವಾಗ ಮನೆಗೆ ಬರುವುದೆಂದು ತಾಯಿ ಪತ್ರ ಬರೆದಳು. ಚಿಕಿತ್ಸೆ ಮುಗಿದಿಲ್ಲವೆಂದು ಇಲಾಖೆ ಉತ್ತರಿಸಿತು. ಆ ಪತ್ರವ್ಯವಹಾರ ಕಡತದಲ್ಲಿ ಉಳಿದಿತ್ತು. 2007ರ ಆಗಸ್ಟ್ 1ರಂದು ದಕ್ಷಿಣ ಆಸ್ಟ್ರೇಲಿಯಾದ ಸರ್ವೋಚ್ಚ ನ್ಯಾಯಾಲಯ 5,25,000 ಡಾಲರ್ ಪರಿಹಾರ ವಿಧಿಸಿತು. ಇಲ್ಲಿ ತಾಯಿಯ ನೆನಪು ಗೆದ್ದಿತು, ನಿಜ. ಆದರೆ ಅದಕ್ಕೂ ಕಾಗದದ ಆಸರೆ ಬೇಕಾಯಿತು. ಬರೆಯದ ತಾಯಂದಿರ ಪಾಡು ಏನೆಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಈ ಪ್ರಶ್ನೆಗೆ ನ್ಯಾಯಾಲಯದ ಹೊರಗೆ ಉತ್ತರ ಹುಡುಕಿದವರು ಜನಸಾಮಾನ್ಯರು. 1998ರಿಂದ ಮೇ 26 ಸ್ಮರಣೆಯ ದಿನವಾಯಿತು. ‘ಕ್ಷಮೆಯ ಪುಸ್ತಕ’ಗಳಲ್ಲಿ ಅಸಂಖ್ಯ ಜನ ತಮ್ಮ ಮಾತು ಬರೆದು ಸಹಿ ಹಾಕಿದರು. 2000ದ ಮೇ 28ರಂದು ಸುಮಾರು ಎರಡೂವರೆ ಲಕ್ಷ ಜನ ಸಿಡ್ನಿಯ ಬಂದರು ಸೇತುವೆಯ ಮೇಲೆ ನಡೆದರು. ರಾಷ್ಟ್ರೀಯ ಗ್ರಂಥಾಲಯವು ಒಯ್ಯಲ್ಪಟ್ಟವರ ಜೊತೆಗೆ ಒಯ್ದ ಅಧಿಕಾರಿಗಳ ಮಾತನ್ನೂ ಸೇರಿಸಿ 300ಕ್ಕೂ ಹೆಚ್ಚು ಸಂದರ್ಶನಗಳನ್ನು ಧ್ವನಿಮುದ್ರಿಸಿತು. ಸರ್ಕಾರ ಮಾತ್ರ ತಡವರಿಸಿತು. 1999ರ ಸಂಸತ್ತಿನ ನಿರ್ಣಯ ‘ವಿಷಾದ’ದಲ್ಲಿಯೇ ನಿಂತಿತು. ವಿಷಾದಕ್ಕೆ ಕರ್ತೃ ಬೇಕಾಗಿಲ್ಲ. ಕ್ಷಮೆಗೆ ತಪ್ಪು ಮಾಡಿದವನು ಎದುರು ನಿಲ್ಲಬೇಕು. ಪ್ರಧಾನಿ ಕೆವಿನ್ ರಡ್ 2008ರ ಫೆಬ್ರವರಿ 13ರಂದು ಆ ಮಾತನ್ನು ಆಡಿದರು.

ಅಲ್ಲಿಗೆ ರಾಜಿ ಪೂರ್ಣವಾಯಿತೆಂದು ತಿಳಿಯಲಾಗದು. ಮೂಲನಿವಾಸಿಗಳಿಗೆ ಸಂವಿಧಾನದಲ್ಲಿ ಸಲಹಾ ಧ್ವನಿಯನ್ನು ಕೊಡುವ ಪ್ರಸ್ತಾಪವನ್ನು 2023ರ ಜನಮತಗಣನೆ ತಿರಸ್ಕರಿಸಿತು. ಇಂದಿಗೂ ಮನೆಯಿಂದ ದೂರವಾಗಿ ಸರ್ಕಾರದ ಆರೈಕೆಯಲ್ಲಿ ಬೆಳೆಯುವ ಮಕ್ಕಳಲ್ಲಿ ಐದರಲ್ಲಿ ಎರಡು ಪಾಲಿನಷ್ಟು ಮಂದಿ ಈ ಸಮುದಾಯಗಳವರೇ.

ಇದು ದೂರದ ಖಂಡದ ಕಥೆಯೆಂದು ಬದಿಗಿಡುವಂತಿಲ್ಲ. ಅದೇ ಬ್ರಿಟಿಷ್ ಸಾಮ್ರಾಜ್ಯದಲ್ಲಿ, ಅದೇ ದಶಕಗಳಲ್ಲಿ, ಭಾರತದ 1911ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಸುಧಾರಣಾ ಶಾಲೆಗಳಲ್ಲಿಡುವ ಅಧಿಕಾರವನ್ನು ಸರ್ಕಾರಗಳಿಗೆ ನೀಡಿತ್ತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ವಿಜಯಪುರಗಳಲ್ಲಿ ಇಂತಹ ಬುಡಕಟ್ಟುಗಳ ವಸಾಹತುಗಳಿದ್ದವು. ಕಾಯಿದೆ 1952ರಲ್ಲಿ ರದ್ದಾಯಿತು. ‘ಸೆಟ್ಲ್‌ಮೆಂಟ್’ ಎಂಬ ಹೆಸರು ಹುಬ್ಬಳ್ಳಿಯ ಜನರ ಬಾಯಲ್ಲಿ ಉಳಿಯಿತು. ಆ ಬೇಲಿಯೊಳಗೆ ಬಾಲ್ಯ ಕಳೆದವರಲ್ಲಿ ಉಳಿದಿರುವವರು ಈಗ ಎಂಬತ್ತರ ಆಚೀಚೆ ಇದ್ದಾರೆ. ಅಧಿಕಾರಿಗಳು ಬರೆದ ಕಾಗದ ಪತ್ರಾಗಾರಗಳಲ್ಲಿ ಕಾದಿರುತ್ತದೆ. ಈ ಹಿರಿಯರ ನೆನಪು ಕಾಯುವುದಿಲ್ಲ.