ಎರಡು ಕಡಲಿನ ನಾಡಿನಲ್ಲಿ ಸಿಹಿನೀರಿನ ಚರಿತ್ರೆ

ಬಹರೈನಿಗೆ ಬಂದಿಳಿದ ಕನ್ನಡಿಗನಿಗೆ ಮೊದಲ ವಾರದಲ್ಲೇ ಯಾರಾದರೊಬ್ಬರು ಈ ನಾಡಿನ ಹೆಸರಿನ ಅರ್ಥವನ್ನು ಹೇಳಿಯೇ ಹೇಳುತ್ತಾರೆ. ‘ಬಹರ್’ ಎಂದರೆ ಕಡಲು, ‘ಬಹರೈನ್’ ಎಂದರೆ ಎರಡು ಕಡಲು. ಒಂದು ಸುತ್ತಲಿನ ಉಪ್ಪು ಕಡಲು, ಮತ್ತೊಂದು ಅದರ ತಳದಲ್ಲಿ ಅಡಗಿರುವ ಸಿಹಿನೀರಿನ ಕಡಲು ಎಂಬುದು ಜನರ ವಿವರಣೆ. ಪಂಡಿತರು ಬೇರೆ ಅರ್ಥಗಳನ್ನೂ ಹೇಳುವುದುಂಟು. ನಮಗೆ ಮಾತ್ರ ಜನರ ಅರ್ಥವೇ ಹೆಚ್ಚು ಸರಿಯೆನಿಸುತ್ತದೆ. ಏಕೆಂದರೆ ಈ ದ್ವೀಪದ ಚರಿತ್ರೆಯನ್ನೆಲ್ಲ ಬರೆದದ್ದು ಆ ಎರಡನೆಯ ಕಡಲು. ಅದು ಹೇಗೆ ಬತ್ತಿತು, ಬತ್ತಿದ ಮೇಲೆ ಸರಕಾರ ಏನು ಮಾಡಿತು ಎಂಬುದನ್ನು ನಮಗೆ ತಿಳಿದಮಟ್ಟಿಗೆ ಓದುಗ ಬಾಂಧವರ ಮುಂದಿಡುತ್ತೇವೆ.

ಇಲ್ಲಿ ವರ್ಷಕ್ಕೆ ಬೀಳುವ ಮಳೆ 80 ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಆಷಾಢದ ಒಂದು ಹಗಲಿಗೆ ಅಷ್ಟು ಬೀಳುವುದು ದೊಡ್ಡ ಮಾತಲ್ಲ. ಆದರೂ ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ದಿಲ್ಮುನ್ ಎಂಬ ನಾಗರಿಕತೆ ಮೆರೆಯಿತು. ಸಿಂಧೂ ಕಣಿವೆಯಿಂದ ಮೆಸೊಪೊಟೇಮಿಯಕ್ಕೆ ಹೋಗುವ ಹಡಗುಗಳು ಇಲ್ಲಿ ತಂಗುತ್ತಿದ್ದವು. ಸುಮೇರರ ಪುರಾಣದಲ್ಲಿ ಎನ್ಕಿ ಎಂಬ ದೇವತೆ ದಿಲ್ಮುನ್‌ಗೆ ಸಿಹಿನೀರನ್ನು ವರವಾಗಿ ಕೊಟ್ಟ ಕಥೆಯಿದೆ. 1953ರಲ್ಲಿ ಪಿ. ವಿ. ಗ್ಲೋಬ್ ಅವರ ನೇತೃತ್ವದಲ್ಲಿ ಡೆನ್ಮಾರ್ಕಿನ ಪುರಾತತ್ತ್ವಜ್ಞರು ಇಲ್ಲಿಗೆ ಬಂದರು. ಮರುವರ್ಷದಿಂದ ಬರ್ಬರ್ ಗ್ರಾಮದ ದಿಬ್ಬವನ್ನು ಅಗೆದಾಗ ಒಂದರ ಮೇಲೊಂದು ಕಟ್ಟಿದ್ದ ಮೂರು ದೇವಾಲಯಗಳು ದೊರೆತವು. ಅವುಗಳ ಪಕ್ಕದಲ್ಲಿ ಮೆಟ್ಟಿಲಿಳಿದು ಹೋಗುವ ಒಂದು ಬುಗ್ಗೆಯ ಕೊಳವೂ ಇತ್ತು. ನಮ್ಮ ದೇವಸ್ಥಾನಗಳ ಪುಷ್ಕರಣಿಯನ್ನು ಕಂಡವರಿಗೆ ಆ ಮೆಟ್ಟಿಲುಗಳ ಬಳಿ ನಿಂತಾಗ ಪರಕೀಯ ಭಾವನೆ ಬಾರದು. ಇನ್ನೂ ನೋಡದವರು ಒಂದು ಶುಕ್ರವಾರ ಹೋಗಿಬರಬೇಕೆಂದು ನಮ್ಮ ಸಲಹೆ.

ಈ ನೀರು ಇಲ್ಲಿನ ಮಳೆಯದಲ್ಲ. ಸೌದಿ ಅರೇಬಿಯದ ನೆಲದಲ್ಲಿ ಎಷ್ಟೋ ಸಾವಿರ ವರ್ಷಗಳ ಹಿಂದೆ ಇಂಗಿದ ನೀರು ಸುಣ್ಣಕಲ್ಲಿನ ಪದರಗಳೊಳಗೆ ಮೆಲ್ಲಮೆಲ್ಲನೆ ಸರಿದು, ಕಡಲ ಕೆಳಗಿನಿಂದ ಬಂದು, ದ್ವೀಪದ ಉತ್ತರಭಾಗದಲ್ಲಿ ತನ್ನ ಒತ್ತಡದಿಂದ ತಾನೇ ಚಿಮ್ಮುತ್ತಿತ್ತು. ಕಡಲ ತಳದಲ್ಲಿಯೂ ಚಿಮ್ಮುತ್ತಿತ್ತು. ಮುತ್ತಿನ ದೋಣಿಯವರು ಚರ್ಮದ ಚೀಲ ಹಿಡಿದು ಉಪ್ಪುನೀರಿನಲ್ಲಿ ಮುಳುಗಿ, ಬುಗ್ಗೆಯ ಬಾಯಿಗೆ ಚೀಲವನ್ನೊಡ್ಡಿ ಕುಡಿಯುವ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದರು. ರಿಫಾದ ಕೋಟೆಯ ಬಳಿಯ ಹುನೈನಿಯ ಬಾವಿಯ ನೀರಿನ ರುಚಿಗೆ ಹೆಸರಿತ್ತು, ಅದನ್ನು ಕತ್ತೆಗಳ ಮೇಲೆ ಹೇರಿ ಊರೂರಿಗೆ ಮಾರುತ್ತಿದ್ದರು.

ತೋಟಗಳಿಗೆ ನೀರು ಹಾಯಿಸಲು ನೆಲದೊಳಗೆ ಕೊರೆದ ಕಾಲುವೆಗಳಿದ್ದವು. ಪರ್ಷಿಯದಲ್ಲಿ ಇವಕ್ಕೆ ಕನಾತ್ ಎಂದು ಹೆಸರು. ನಮ್ಮಲ್ಲಿ ದಕ್ಷಿಣ ಕನ್ನಡದಿಂದ, ಕಾಸರಗೋಡಿನಿಂದ ಬಂದವರು ಬಹುಮಂದಿ. ಅವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಯಾರು, ಮಾಣಿಲದ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆಯುವ ಸುರಂಗ ಇದರದೇ ಜಾತಿಯದು. ಪಶ್ಚಿಮ ಏಷ್ಯದ ವರ್ತಕರ ಮೂಲಕ ಈ ವಿದ್ಯೆ ನಮ್ಮ ಕರಾವಳಿಗೆ ಬಂದಿರಬಹುದೆಂದು ಊಹಿಸುವವರೂ ಇದ್ದಾರೆ. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬಂಟಿಯಾಗಿ ಗುಡ್ಡದಲ್ಲಿ ಸುರಂಗ ಕೊರೆದು, ಬೋಳುನೆಲದಲ್ಲಿ ಅಡಿಕೆ ತೋಟ ಎಬ್ಬಿಸಿ, 2022ರಲ್ಲಿ ಪದ್ಮಶ್ರೀ ಪಡೆದಾಗ ನಮ್ಮಲ್ಲಿ ಅನೇಕರು ಹೆಮ್ಮೆಪಟ್ಟದ್ದುಂಟು.

ಈಗ ಒಂದು ವಿಚಿತ್ರ ಸಂಗತಿ. ಈ ನಾಡಿನ ಎಣ್ಣೆಯ ಭಾಗ್ಯ ತೆರೆದದ್ದೂ ನೀರಿನಿಂದಲೇ. ನ್ಯೂಜಿಲೆಂಡಿನ ಮೇಜರ್ ಫ್ರಾಂಕ್ ಹೋಮ್ಸ್ ಎಂಬಾತ 1925ರಲ್ಲಿ ಇಲ್ಲಿ ಕೊಳವೆ ಬಾವಿಗಳನ್ನು ಕೊರೆಸಿ ನೀರು ಬರಿಸಿಕೊಟ್ಟ. ಸಂತುಷ್ಟರಾದ ಶೇಖ್ ಹಮದ್ ಅವರು ಅದೇ ವರ್ಷದ ಡಿಸೆಂಬರಿನಲ್ಲಿ ಅವನಿಗೆ ಎಣ್ಣೆ ಹುಡುಕುವ ಪರವಾನಗಿ ಕೊಟ್ಟರು. ಕೈಯಿಂದ ಕೈಗೆ ದಾಟಿದ ಆ ಹಕ್ಕಿನ ಫಲವಾಗಿ 1932ರಲ್ಲಿ ಜಬಲ್ ದುಖಾನ್ ಬೆಟ್ಟದ ಬುಡದಲ್ಲಿ ಎಣ್ಣೆ ಚಿಮ್ಮಿತು. ಕೊಲ್ಲಿಯ ಅರಬ್ ದಂಡೆಯಲ್ಲಿ ಅದೇ ಮೊದಲು.

ಎಣ್ಣೆಗೆ ಹಾದಿ ತೋರಿದ ಆ ಕೊರೆಯುವ ಯಂತ್ರವೇ ಬುಗ್ಗೆಗಳಿಗೆ ಮೃತ್ಯುವಾಯಿತು. ತೋಟದ ಯಜಮಾನರೆಲ್ಲ ಕೊಳವೆ ಬಾವಿ ಹಾಕಿದರು. ಮೊದಲು ತಾನಾಗಿ ಉಕ್ಕಿದ ನೀರು ಬರಬರುತ್ತಾ ಇಳಿದಾಗ ಪಂಪು ಇಟ್ಟರು. ಖರ್ಜೂರದ ಬುಡಕ್ಕೆ, ಕುದುರೆಮೆಂತೆಯ ಮಡಿಗೆ ಹಳೆಯ ಕ್ರಮದಲ್ಲೇ ಹೊಳೆಯಂತೆ ನೀರು ಹರಿಸಿದರು. ಬರುವುದಕ್ಕಿಂತ ತೆಗೆಯುವುದು ಹೆಚ್ಚಾದಾಗ ಒತ್ತಡ ಕುಸಿಯಿತು, ಕಡಲೂ ಅಡಿಯ ಪದರದ ಚೌಳುನೀರೂ ಒಳನುಗ್ಗಿದವು. 1970ರ ದಶಕದಿಂದ ಮುಂದೆ ಬುಗ್ಗೆಗಳು ಒಂದೊಂದಾಗಿ ಸೊರಗಿದವು. ಬುದೈಯ ರಸ್ತೆಯ ಇಕ್ಕೆಲದ ತೋಟಗಳಲ್ಲಿ ತಲೆಯಿಲ್ಲದ ಖರ್ಜೂರದ ಬೊಡ್ಡೆಗಳು ಕಂಬಗಳಂತೆ ನಿಂತವು.

ಆ ಕಾಲದಲ್ಲಿ ಇಲ್ಲಿಗೆ ಬಂದ ನಮ್ಮ ಹಿರಿಯರಿಗೆ ಈ ಚರಿತ್ರೆ ಅಡಿಗೆಮನೆಯಲ್ಲಿಯೇ ಪರಿಚಯವಾಯಿತು. ನಲ್ಲಿಯ ನೀರಿನಲ್ಲಿ ತೊಗರಿಬೇಳೆ ಎಷ್ಟು ಹೊತ್ತಾದರೂ ಬೇಯುತ್ತಿರಲಿಲ್ಲ. ಸೋಪು ನೊರೆ ಕಟ್ಟದು, ಮಿಂದ ತಲೆ ಅಂಟು. ಸಾರಿಗೆ ಮತ್ತು ಕಾಫಿಗೆಂದು ಸಿಹಿನೀರಿನ ಕ್ಯಾನುಗಳನ್ನು ಬೇರೆ ಕೊಂಡು ತರಬೇಕಾಗಿತ್ತು. ನಂಟರು ಊರಿನಿಂದ ಬಂದರೆ ಮೊದಲು ಹೇಳಿಕೊಡುವುದು ಯಾವ ಕೊಡದ ನೀರು ಯಾವುದಕ್ಕೆ ಎಂಬುದನ್ನು!

ಸರಕಾರ ಕೈಕಟ್ಟಿ ಕೂರಲಿಲ್ಲ. 1971ರಲ್ಲಿ ಸ್ವಾತಂತ್ರ್ಯ ಬಂತು. 1975ರಲ್ಲಿ ಸಿತ್ರಾದಲ್ಲಿ ವಿದ್ಯುತ್ತನ್ನೂ ಕಡಲ ನೀರಿನಿಂದ ಸಿಹಿನೀರನ್ನೂ ಒಟ್ಟಿಗೇ ಉತ್ಪಾದಿಸುವ ಸ್ಥಾವರ ಆರಂಭವಾಯಿತು. 1980ರಲ್ಲಿ ಅಂತರ್ಜಲದ ಬಳಕೆಯನ್ನು ಹತೋಟಿಗೆ ತರುವ ರಾಜಾಜ್ಞೆ ಹೊರಟಿತು. ಬಾವಿ ಕೊರೆಯಲು ಪರವಾನಗಿ ಬೇಕಾಯಿತು. 1982ರಲ್ಲಿ ಜಲಸಂಪತ್ತಿಗೆಂದು ಉನ್ನತ ಮಂಡಳಿ ರಚನೆಯಾಯಿತು. 1984ರಲ್ಲಿ ರಾಸ್ ಅಬು ಜರ್ಜೂರ್‌ನಲ್ಲಿ ಚೌಳು ಅಂತರ್ಜಲವನ್ನು ಪೊರೆಗಳ ಮೂಲಕ ಒತ್ತಿ ಸೋಸುವ ಸ್ಥಾವರ ಬಂತು. ದಿನಕ್ಕೆ 1 ಕೋಟಿ ಗ್ಯಾಲನ್ ನೀರು ಕೊಡುವ ಅದು ಆಗಿನ ಕಾಲಕ್ಕೆ ದೊಡ್ಡ ಸಾಹಸ. ಮುಂದೆ ಹಿದ್ದ್, ಅಲ್ ದುರ್ ಸ್ಥಾವರಗಳು ಸೇರಿದವು. ಈಗ ಮನೆಯ ನಲ್ಲಿಗೆ ಬರುವ ನೀರಿನ ಬಹುಪಾಲು ಕಡಲಿನದೇ. ಬೇಳೆ ಚೆನ್ನಾಗಿ ಬೇಯುತ್ತದೆ.

ಇವೆಲ್ಲಕ್ಕಿಂತ ನಮಗೆ ಹಿಡಿಸಿದ ಕೆಲಸ ತುಬ್ಲಿಯದು. 1982ರಲ್ಲಿ ಆರಂಭವಾದ ಅಲ್ಲಿಯ ಶುದ್ಧೀಕರಣ ಕೇಂದ್ರದಲ್ಲಿ ಊರಿನ ಚರಂಡಿ ನೀರನ್ನು ಸ್ವಚ್ಛಗೊಳಿಸಿ ತೋಟಗಳಿಗೂ ರಸ್ತೆಬದಿಯ ಗಿಡಗಳಿಗೂ ಕೊಡುತ್ತಾರೆ. ಅಷ್ಟರಮಟ್ಟಿಗೆ ಅಂತರ್ಜಲ ಉಳಿಯಿತು. ಇದೇ ಯೋಚನೆ ನಮ್ಮ ರಾಜ್ಯಕ್ಕೆ ಹೊಳೆಯಲು ಬಹಳ ಕಾಲ ಹಿಡಿಯಿತು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಒಣಗಿದ ಕೆರೆಗಳಿಗೆ ಹರಿಸುವ ಕೆ. ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದದ್ದು 2018ರಲ್ಲಿ. ಆ ನೀರು ಸಾಕಷ್ಟು ಶುದ್ಧವೇ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ವಾದ ನಡೆಯಲೇಬೇಕಾದದ್ದೇ, ಆದರೆ ಬತ್ತಿದ ಬಾವಿಗಳಲ್ಲಿ ನೀರು ಏರಿದ್ದನ್ನು ಕಂಡ ರೈತನ ಮಾತನ್ನೂ ಕೇಳಬೇಕು.

ಹಾಗೆಂದು ಬಹರೈನಿನ ನೀತಿ ಪೂರ್ತಿ ಗೆದ್ದಿತೆಂದು ನಾವು ಹೇಳಲಾರೆವು. ಆಜ್ಞೆ ಬರುವ ಹೊತ್ತಿಗೆ ಬುಗ್ಗೆಗಳ ಆಯುಷ್ಯ ಮುಗಿಯುತ್ತ ಬಂದಿತ್ತು. ಕಡಲ ನೀರನ್ನು ಸಿಹಿ ಮಾಡಲು ಅನಿಲ ಉರಿಯಬೇಕು, ಅದೂ ನೆಲದಡಿಯ ನಿಧಿಯೇ. ಒಂದು ನಿಧಿ ಬರಿದಾದಾಗ ಇನ್ನೊಂದರ ಬಾಗಿಲು ತೆರೆದಂತಾಯಿತು. ಇದಕ್ಕೆ ಯೂರೋಪಿನ ಉದಾಹರಣೆಯೊಂದನ್ನು ಎದುರಿಗಿಟ್ಟು ನೋಡಬಹುದು. ಬರ್ಬರ್ ಅಗೆದ ಡೇನರ ದೇಶದಲ್ಲಿಯೂ ಕುಡಿಯುವ ನೀರು ಹೆಚ್ಚುಕಡಮೆ ಪೂರ್ತಿ ಅಂತರ್ಜಲವೇ. ಅವರು 1994ರಿಂದ ನಲ್ಲಿ ನೀರಿನ ಮೇಲೆ ತೆರಿಗೆ ಹಾಕಿ, ನೀರಿನ ಪೂರ್ಣ ವೆಚ್ಚವನ್ನು ಬಳಸುವವನಿಂದಲೇ ವಸೂಲು ಮಾಡಿದರು; ಜನ ಬಳಕೆ ಇಳಿಸಿದರು. 2000ದಲ್ಲಿ ಯೂರೋಪ್ ಒಕ್ಕೂಟವೇ ನದಿ, ಕೆರೆ, ಅಂತರ್ಜಲಗಳೆಲ್ಲಕ್ಕೂ ಅನ್ವಯಿಸುವ ಶಾಸನ ಮಾಡಿ, 2015ರೊಳಗೆ ಎಲ್ಲವೂ ಸುಸ್ಥಿತಿಗೆ ಬರಬೇಕೆಂದಿತು. ಆಗಲಿಲ್ಲ, ಗಡುವು 2027ಕ್ಕೆ ಹೋಯಿತು. ಡೆನ್ಮಾರ್ಕಿನಲ್ಲಿಯೂ ಕೀಟನಾಶಕ ಸೇರಿದ ಬಾವಿಗಳನ್ನು ಮುಚ್ಚಬೇಕಾಯಿತು. ಶ್ರೀಮಂತ ದೇಶಗಳಿಗೂ ಇದು ಸುಲಭದ ಕೆಲಸವಲ್ಲ.

ಇಲ್ಲಿ ಬೆಲೆಯ ಪ್ರಶ್ನೆ 2016ರಲ್ಲಿ ಎದ್ದಿತು. ಆ ವರ್ಷದಿಂದ ನೀರು, ವಿದ್ಯುತ್ತಿನ ದರ ಹಂತಹಂತವಾಗಿ ಏರಿತು. ಪ್ರಜೆಗಳ ಸ್ವಂತ ಮನೆಗೆ ರಿಯಾಯಿತಿ ಉಳಿಯಿತು, ನಮ್ಮಂಥ ವಲಸಿಗರಿಗೆ ಹೋಯಿತು. ಬಿಲ್ಲು ನೋಡಿ ನಾವು ಗೊಣಗಿದ್ದು ನಿಜ. ಪಾತ್ರೆ ತೊಳೆಯುವಾಗ ನಲ್ಲಿ ತಿರುಗಿಸಿ ನಿಲ್ಲಿಸುವ ಅಭ್ಯಾಸ ನಮ್ಮ ಮಕ್ಕಳಿಗೆ ಬಂದದ್ದೂ ಆಮೇಲೆಯೇ. ಎಷ್ಟೋ ವರ್ಷ ನಾವು ಹೇಳಿದ ಬುದ್ಧಿಮಾತು ಮಾಡದ ಕೆಲಸವನ್ನು ಒಂದು ಕಾಗದದ ಚೂರು ಮಾಡಿತು.

ಇಲ್ಲಿನ ಹಳ್ಳಿಗರಲ್ಲಿ ಒಂದು ಗಾದೆಯಿದೆ: ಅಧಾರಿ ಬುಗ್ಗೆ ಹತ್ತಿರದವರನ್ನು ಬಿಟ್ಟು ದೂರದವರಿಗೆ ನೀರುಣಿಸುತ್ತದೆ ಎಂದು. ಮನೆಯವರನ್ನು ಮರೆತು ಊರಿಗೆ ಉಪಕಾರ ಮಾಡುವವನನ್ನು ಹಂಗಿಸಲು ಈ ಮಾತು. ಅಧಾರಿಯ ನೀರು ಕಾಲುವೆ ಹಿಡಿದು ದೂರದ ತೋಟಗಳಿಗೆ ಹೋಗುತ್ತಿದ್ದುದೇ ಇದಕ್ಕೆ ಕಾರಣ. ಒಂದು ಕಾಲಕ್ಕೆ ಊರವರೆಲ್ಲ ಈಜು ಕಲಿತ ಕೊಳವದು. ಈಗ ಅದರ ಸುತ್ತ ಮಕ್ಕಳ ಆಟದ ಉದ್ಯಾನವಿದೆ. ಈದ್ ರಜೆಯಲ್ಲಿ ನಾವೂ ಸಂಸಾರಸಮೇತ ಹೋಗುತ್ತೇವೆ. ಮಕ್ಕಳು ಕೊಳದ ಅಂಚಿಗೆ ಬಾಗಿ ನೀರು ಎಲ್ಲಿಂದ ಬರುತ್ತದೆಂದು ಹುಡುಕುತ್ತಾರೆ. ಬುಗ್ಗೆ ಬತ್ತಿದೆ, ಕೊಳಕ್ಕೆ ನೀರು ಪಂಪಿನಿಂದ.